ಅಕ್ಕನ ಇದ್ದಿಲು ಗುಂಡಿ

ನಾನು ಪಿಎಚ್.ಡಿ.ಗೆ ಸೇರಿದಾಗ ನನ್ನ ಜೊತೆ ಓದಿದ ಗೆಳತಿಯರು ಮಕ್ಕಳ ಮದುವೆಯ ಮಾತಾಡುತ್ತಿದ್ದರು. ಕಡೂರಿನ ಕಾಲೇಜೊಂದರಲ್ಲಿ ಭೂಗೋಳ ಪಾಠ ಹೇಳುತ್ತಾ ವಯಸ್ಸು ಸರಿದುಹೋಗಿತ್ತು. ಊರೂರು ಅಲೆದು ಮಾಹಿತಿ ಕಲೆಹಾಕುವ ಬಿಡುವಾಗಲಿ ಕಸುವಾಗಲಿ ನನ್ನಲ್ಲಿರಲಿಲ್ಲ. ಅದನ್ನೇ ನನ್ನ ಮಾರ್ಗದರ್ಶಕರ ಹತ್ತಿರ ಹೇಳಿಕೊಂಡೆ.

"ನೀವು ಎಲ್ಲಿಗೂ ಹೋಗೋದು ಬೇಡ. ಬೇರೆಯವರು ಏನೇನು ಸಂಶೋಧನೆ ಮಾಡಿದಾರೆ ಅನ್ನೋದನ್ನೇ ಸಂಶೋಧನೆ ಮಾಡಿ," ಅಂದರು.

ಹೀಗೆ ನನಗೆ ಸಿಕ್ಕ ವಿಷಯ, ಇಂಗಾಲದ ಹೊರಸೂಸುವಿಕೆ ಮತ್ತು ಸುಸ್ಥಿರ ಅಭಿವೃದ್ಧಿ ಕುರಿತ ಸಂಶೋಧನೆ ಯಾವ ಕಾಲಕ್ಕೆ ಯಾವ ಕಡೆ ಹೊರಳಿತು ಎಂಬುದು. ಜಗತ್ತಿನ ಬೇರೆ ಬೇರೆ ಕಡೆಯವರು ಬರೆದ ಪ್ರಬಂಧಗಳ ಸಾರಾಂಶ ಓದಬೇಕು, ಅವನ್ನು ಗುಂಪು ಮಾಡಬೇಕು, ಯಾವ ಗುಂಪು ಬೆಳೆಯಿತು ಯಾವುದು ಸೊರಗಿತು ಎಂದು ತೋರಿಸಬೇಕು. ಮೊದಮೊದಲ ಪ್ರಬಂಧಗಳಲ್ಲಿ ದೇಶಗಳ ಮಾತೇ ಹೆಚ್ಚು. ದೇಶ ಸಿರಿವಂತವಾದಂತೆ ಹೊಗೆ ಏರುತ್ತದೆಯೇ, ಆಮೇಲೆ ಇಳಿಯುತ್ತದೆಯೇ ಎಂಬ ವಾದ. ಆಮೇಲೆ ಕಾಡು, ಹೊಲ, ಊರು, ವಾಹನಗಳ ಸರದಿ. ಈಚೆಗಂತೂ ಯಾವ ಪ್ರಬಂಧ ತೆರೆದರೂ ಕಸದಿಂದ ಏನು ಮಾಡಬಹುದು, ಪರಿಸರದ ಕೆಲಸಕ್ಕೆ ಹಸಿರು ಬಂಡವಾಳ ಎಲ್ಲಿಂದ ತರಬಹುದು ಎಂಬ ಚರ್ಚೆ. ಓದುವುದು ನನಗೆ ಇಷ್ಟವಾಗಿಯೇ ಇತ್ತು. ಇಷ್ಟೊಂದು ಜನ ಈ ಭೂಮಿಯ ಬಗ್ಗೆ ಚಿಂತಿಸುತ್ತಿದ್ದಾರಲ್ಲ ಎಂದು ಒಂದು ಬಗೆಯ ಧೈರ್ಯವೂ ಬರುತ್ತಿತ್ತು.

ಬೇಸಿಗೆ ರಜೆ ಬಂತು. ಮನೆಯಲ್ಲಿ ಕೂತರೆ ಕೆಲಸ ಸಾಗುವುದಿಲ್ಲ ಎನ್ನಿಸಿ ಪುಸ್ತಕ, ಲ್ಯಾಪ್‌ಟಾಪು ಕಟ್ಟಿಕೊಂಡು ಅಕ್ಕನ ಊರಿಗೆ ಹೋದೆ. ಪಂಚನಹಳ್ಳಿಯಿಂದ ಸ್ವಲ್ಪ ಒಳಗೆ ಹೋದರೆ ಅವಳ ಮನೆ. ನಮ್ಮ ತವರು ಅಜ್ಜಂಪುರ. ನಾವು ಎರೆಭೂಮಿಯವರು, ಈರುಳ್ಳಿ ಬೆಳೆದು ಗೊತ್ತಿದ್ದವರು. ಅಕ್ಕ ಮದುವೆಯಾಗಿ ಈ ತೆಂಗಿನ ಸೀಮೆಗೆ ಬಂದಾಗ ನಾನಿನ್ನೂ ಪ್ರೈಮರಿ ಸ್ಕೂಲಿನಲ್ಲಿದ್ದೆ. ಅಮ್ಮ ಕಾಯಿಲೆಯವಳಾದ್ದರಿಂದ ನನಗೆ ಜಡೆ ಹಾಕಿದ್ದು, ಉಣಬಡಿಸಿದ್ದು, ಸುಳ್ಳು ಹೇಳಿದಾಗ ಬೆನ್ನಿಗೆ ಬಾರಿಸಿದ್ದು ಎಲ್ಲ ಅವಳೇ. ಅವಳು ಗಂಡನ ಮನೆಗೆ ಹೊರಟ ದಿನ ನಾನು ಬಸ್ಸಿನ ಹಿಂದೆ ಓಡಿದ್ದೆನಂತೆ. ಅದು ನನಗೆ ನೆನಪಿಲ್ಲ. ಅವಳಿಗಿದೆ.

ಭಾವ ಕೊಬ್ಬರಿ ವ್ಯಾಪಾರದವರು. ತಮ್ಮ ತೋಟದ್ದಲ್ಲದೆ ಸುತ್ತಲಿನವರ ಕಾಯಿಯನ್ನೂ ಕೊಂಡು, ಅಟ್ಟದ ಮೇಲೆ ಒಣಗಲು ಬಿಟ್ಟು, ಒಳಗಿನ ತಿರುಳು ಒಣಗಿ ಗಿಟುಕಾಗಿ ಅಲುಗಾಡುವ ಹೊತ್ತಿಗೆ ಇಳಿಸಿ ಸುಲಿಸುತ್ತಾರೆ. ಕೊಬ್ಬರಿ ಮಾರುಕಟ್ಟೆಗೆ ಹೋದ ಮೇಲೆ ಉಳಿಯುವುದು ಚಿಪ್ಪಿನ ರಾಶಿ. ಹಿಂದೆ ಅದು ಬಚ್ಚಲೊಲೆಗೆ ಹೋಗುತ್ತಿತ್ತು, ಮಿಕ್ಕಿದ್ದು ಬೇಲಿ ಬದಿ ಕೊಳೆಯುತ್ತಿತ್ತು. ಆಮೇಲೆ ಚಿಪ್ಪಿನ ಇದ್ದಿಲಿಗೆ ಬೇಡಿಕೆ ಬಂತು. ಅದನ್ನು ದೂರದ ಕಾರ್ಖಾನೆಗಳಿಗೆ ಒಯ್ದು ನೀರು ಸೋಸುವ, ಗಾಳಿ ಸೋಸುವ ಯಂತ್ರಗಳಿಗೆ ತುಂಬುವ ಪುಡಿ ಮಾಡುತ್ತಾರೆ. ಭಾವ ತೋಟದ ಕೊನೆಯಲ್ಲಿ ಗುಂಡಿ ತೋಡಿಸಿ ಒಳಗೆ ಇಟ್ಟಿಗೆ ಕಟ್ಟಿಸಿದರು. ಗುಂಡಿಯ ತಳಕ್ಕೆ ಬೆಂಕಿ ಹಾಕಿ, ಅದರ ಮೇಲೆ ಚಿಪ್ಪು ಸುರಿಯುತ್ತಾ ಹೋಗಬೇಕು. ಬಾಯಿಮಟ್ಟ ತುಂಬಿದ ಮೇಲೆ ತಗಡು ಮುಚ್ಚಿ, ಅಂಚಿಗೆ ಒದ್ದೆ ಮಣ್ಣು ಮೆತ್ತಿ, ಗಾಳಿಯಾಡದಂತೆ ಬಿಡಬೇಕು. ಆರಿದ ಮೇಲೆ ತೆಗೆದರೆ ಗಣಗಣ ಎನ್ನುವ ಕರಿ ಇದ್ದಿಲು. ಮುಚ್ಚುವವರೆಗೂ ಹೊಗೆ ಏಳುತ್ತಲೇ ಇರುತ್ತದೆ. ಬಿಳಿ, ದಪ್ಪ, ಎಣ್ಣೆ ಎಣ್ಣೆಯಾದ ಹೊಗೆ. ಭಾವ ವ್ಯಾಪಾರಕ್ಕೆಂದು ಓಡಾಡುತ್ತಿದ್ದರಿಂದ ಗುಂಡಿಯ ಮುಂದೆ ನಿಲ್ಲುವುದು ಅಕ್ಕನ ಪಾಲಿಗೆ ಬಂತು. ಪಕ್ಕದ ಕಾಲೊನಿಯ ಇಬ್ಬರು ಹೆಂಗಸರು ಅವಳ ಜೊತೆ ಕೆಲಸಕ್ಕೆ ಬರುತ್ತಿದ್ದರು.

ನಾನು ಜಗಲಿಯಲ್ಲಿ ಕೂತು ಓದುತ್ತಿದ್ದೆ. ಒಂದು ಬೆಳಿಗ್ಗೆ ಕಸದಿಂದ ರಸ ಎಂಬಂಥ ಪ್ರಬಂಧಗಳನ್ನು ವಿಂಗಡಿಸುವಾಗ ಒಂದರಲ್ಲಿ ನಮ್ಮದೇ ವಿಷಯ ಸಿಕ್ಕಿತು. ತೆಂಗಿನ ಚಿಪ್ಪನ್ನು ಕೊಳೆಯಲು ಬಿಡುವ ಬದಲು ಇದ್ದಿಲು ಮಾಡಿದರೆ ಪರಿಸರಕ್ಕೂ ಒಳ್ಳೆಯದು, ಹಳ್ಳಿಗೂ ಒಳ್ಳೆಯದು ಎಂಬ ವಾದ. ನನಗೆ ಖುಷಿಯಾಯಿತು. ಅಕ್ಕ ನೀರು ಕುಡಿಯಲು ಬಂದಾಗ ಕರೆದು ತೋರಿಸಿದೆ.

"ನಮ್ ಗುಂಡೀನೂ ಪುಸ್ತಕದಾಗೆ ಬಂದೈತೇನೇ?" ಅಂದಳು.

"ನಿನ್ ಗುಂಡಿ ಅಲ್ಲ. ನಿನ್ನಂಥೋರು ಮಾಡೋ ಕೆಲಸ."

"ಒಳ್ಳೇದು ಅಂತ ಬರೆದವ್ರಾ?"

"ಹೂಂ. ಒಳ್ಳೇದು ಅಂತಾನೇ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಆ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಗುಂಡಿಯ ಕಡೆ ಹೋದಳು. ತೋಟದ ಮಧ್ಯದಲ್ಲಿ ಒಂದು ತೆಂಗಿನ ಮರಕ್ಕೆ ಕೈ ಆನಿಸಿ ನಿಂತದ್ದು ನನ್ನ ಕಣ್ಣಿಗೆ ಬಿತ್ತು. ಯಾರನ್ನೋ ಕಾಯುತ್ತಿದ್ದಾಳೆ ಅಂದುಕೊಂಡೆ.

ಅದೇ ವಾರ ಅಂಗನವಾಡಿ ಟೀಚರು ಮನೆಗೆ ಬಂದಳು. ಹಿಂದೆ ನನ್ನ ಕಾಲೇಜಿನಲ್ಲೇ ಓದಿದ ಹುಡುಗಿ. ಈಗ ಅವಳಿಗೂ ಇಬ್ಬರು ಮಕ್ಕಳು. ಅವಳ ಮನೆಯೂ ಅಂಗನವಾಡಿಯೂ ಕಾಲೊನಿಯಲ್ಲೇ, ಗುಂಡಿಯ ಕಡೆಯಿಂದ ಗಾಳಿ ಬೀಸುವ ದಿಕ್ಕಿನಲ್ಲಿ. ಅವರು ಬೌದ್ಧರು. ಅವಳ ಮನೆಯ ನಡುಗೋಡೆಯಲ್ಲಿ ಬುದ್ಧನ ಬಿಳಿಯ ಪಟ ಇರುವುದನ್ನು ನಾನು ಹಿಂದೊಮ್ಮೆ ಹೋಗಿದ್ದಾಗ ನೋಡಿದ್ದೆ. ಈ ಸಲ ಅವಳು ಜಗಲಿಯ ಮೇಲೆ ಕೂರಲಿಲ್ಲ.

"ಮೇಡಂ, ನೀವು ಹೊಗೆ ಬಗ್ಗೇನೇ ಓದ್ತಾ ಇದೀರಂತೆ," ಅಂದಳು.

"ಹೌದಮ್ಮ."

"ನಮ್ ಮಕ್ಳು ಬೆಳಗಾದ್ರೆ ಕೆಮ್ತವೆ. ಎರಡು ಮಕ್ಳಿಗೆ ರಾತ್ರಿ ಉಸಿರು ಕಟ್ಟಿ ಕಡೂರಿಗೆ ಕರ್ಕೊಂಡು ಹೋಗಿದ್ವಿ. ಒಣಗ ಹಾಕಿದ್ ಬಟ್ಟೆ ಮೇಲೆಲ್ಲಾ ಕರಿ. ಪಂಚಾಯ್ತಿಗೆ ಅರ್ಜಿ ಕೊಡೋಣ ಅಂತಾರೆ ನಮ್ಮೋರು. ನಾನೇ ತಡೆದಿದೀನಿ. ನಿಮ್ ಅಕ್ಕೋರು ನಮ್ ಕಷ್ಟಸುಖಕ್ಕೆ ಆದೋರು. ನೀವೊಂದ್ ಮಾತು ಹೇಳಿ ನೋಡಿ ಮೇಡಂ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಉತ್ತರ ಹೇಳುವುದು ಸುಲಭವಾಗುತ್ತಿತ್ತೇನೋ. ಹೇಳ್ತೀನಿ ಅಂದೆ.

ಸಂಜೆ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಭಾವ ಮುದ್ದೆ ಮುರಿಯುವುದನ್ನು ನಿಲ್ಲಿಸಿದರು.

"ಅವ್ರ್ ಮನೆ ಹೆಂಗಸ್ರೇ ಅಲ್ವಾ ಅಲ್ಲಿ ಕೆಲಸ ಮಾಡೋದು? ನಿಲ್ಸಿದ್ರೆ ಅವ್ರು ಎಲ್ಲಿಗೆ ಹೋಗ್ತಾರೆ? ರಸ್ತೇಲಿ ಲಾರಿ ಬಿಡೋ ಹೊಗೆ ಯಾರೂ ಕೇಳಲ್ಲ. ಇಟ್ಟಿಗೆ ಸುಡೋರ್ನ ಕೇಳಲ್ಲ. ಚಿಪ್ಪು ಸುಡೋನೇ ಸಿಕ್ಕಿದ್ನಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಟೀಚರಮ್ಮನ ಮಾತಿನಲ್ಲೂ ಸುಳ್ಳಿರಲಿಲ್ಲ. ನಾನು ಅಕ್ಕನ ಮುಖ ನೋಡಿದೆ. ಅವಳು ಎದ್ದು ಸಾರು ತರಲು ಹೋದಳು. ಅಡುಗೆಮನೆಯ ಹೊಸ್ತಿಲಿನ ಹತ್ತಿರ ಗೋಡೆ ಹಿಡಿದು ನಿಂತಳು. ಅವಳ ಹೆಗಲು ಏರಿ ಇಳಿಯುವುದು ನನಗೆ ಕಂಡಿತು. ಜಗಲಿಯಿಂದ ಕಂಡದ್ದೂ ಇದೇ, ಯಾರನ್ನೋ ಕಾಯುವುದಲ್ಲ ಎಂದು ಆಗ ಹೊಳೆಯಿತು.

"ಯಾವತ್ತಿಂದ ಹಿಂಗೆ?" ಎಂದು ಆಮೇಲೆ ಪಾತ್ರೆ ತೊಳೆಯುವಾಗ ಕೇಳಿದೆ.

"ಏನಿಲ್ಲ ಕಣೇ. ಧೂಳಿಗೆ ಅಲರ್ಜಿ. ಶೀತಕ್ಕೆ ಹಿಂಗಾಗ್ತದೆ."

"ಈಗ ಬೇಸಿಗೆ ಅಕ್ಕಾ."

ಅವಳು ನಲ್ಲಿ ನಿಲ್ಲಿಸಿದಳು. "ಮಾತಾಡ್ಬೇಡ. ನಿಮ್ ಭಾವಂಗೆ ಕೇಳಿಸ್ತದೆ," ಅಂದಳು.

ನನ್ನ ಸಹೋದ್ಯೋಗಿಯೊಬ್ಬರು ಅಮೃತಾಪುರದವರು. ಅವರ ತಾಯಿಗೆ ದಮ್ಮು ಬಂದಾಗ ತರೀಕೆರೆಯ ವೈದ್ಯರೊಬ್ಬರು ನೋಡಿದ್ದರು. ಆ ವೈದ್ಯರ ವಿಳಾಸ ಕೇಳಿಕೊಂಡು, ಭಾವನಿಗೆ ತಿಳಿಸುವುದಿಲ್ಲ ಎಂದು ಮಾತು ಕೊಟ್ಟು ಅಕ್ಕನನ್ನು ಬಸ್ಸು ಹತ್ತಿಸಿದೆ. ಭಾವನಿಗೆ ನನ್ನ ಕಾಲೇಜಿನ ಗೆಳತಿಯ ಮನೆಯ ಗೃಹಪ್ರವೇಶ ಎಂದು ಅಕ್ಕನೇ ಹೇಳಿದ್ದಳು. ಬೀರೂರು ದಾಟುವವರೆಗೂ ಅವಳು ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಳು. ತರೀಕೆರೆ ಹತ್ತಿರವಾದಂತೆ ಹಸಿರು ಹೆಚ್ಚಿತು. "ಇಲ್ಲಿ ಗಾಳಿ ತಣ್ಣಗೈತೆ ಕಣೇ," ಅಂದಳು.

ವೈದ್ಯರು ನಡುವಯಸ್ಸಿನವರು, ನಿಧಾನವಾಗಿ ಮಾತಾಡುವವರು. ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು.

"ಮನೇಲಿ ಯಾರು ಬೀಡಿ ಸಿಗರೇಟು ಸೇದ್ತಾರಮ್ಮ?"

"ಯಾರೂ ಇಲ್ಲ."

"ಸೌದೆ ಒಲೆನಾ?"

"ಗ್ಯಾಸು ಬಂದು ಬಾಳಾ ವರ್ಷ ಆಯ್ತು."

ವೈದ್ಯರು ಇನ್ನೇನು ಕೇಳಬೇಕೆಂದು ಯೋಚಿಸುತ್ತಿದ್ದರು. ನನ್ನ ಬಾಯಿಗೆ ಮಾತು ಬಂದಿತ್ತು. ಆದರೆ ಅದು ಅವಳ ಮಾತು, ಅವಳೇ ಆಡಲಿ ಎಂದು ಸುಮ್ಮನಿದ್ದೆ. ಅಕ್ಕ ತನ್ನ ಕೈಗಳನ್ನು ಮಡಿಲಲ್ಲಿ ತಿರುಗಿಸಿ ನೋಡಿಕೊಂಡಳು. ಉಗುರಿನ ಸಂದಿಯ ಕಪ್ಪು ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ.

"ಚಿಪ್ಪು ಸುಡ್ತೀವಿ ಸಾರ್. ಇದ್ದಿಲು ಮಾಡ್ತೀವಿ," ಅಂದಳು.

ಒಂದು ಯಂತ್ರದ ಕೊಳವೆ ಬಾಯಿಗಿಟ್ಟು ಊದಿಸಿದರು. ಪಕ್ಕದಲ್ಲಿ ನಿಂತ ನರ್ಸಮ್ಮ "ಊದಿ, ಊದಿ, ಇನ್ನೂ ಊದಿ, ಬಿಡಬೇಡಿ" ಎಂದು ಹುರಿದುಂಬಿಸುತ್ತಿದ್ದಳು. ಅಕ್ಕನ ಕುತ್ತಿಗೆಯ ನರಗಳು ಬಿಗಿದವು, ಕಣ್ಣು ತುಂಬಿದವು. ಮತ್ತೆ ಮತ್ತೆ ಊದಿಸಿದರು. ಪ್ರತಿ ಸಲವೂ ಅವಳ ಉಸಿರು ಅರ್ಧದಲ್ಲೇ ಮುಗಿದುಹೋಗುತ್ತಿತ್ತು. ನನಗೆ ನೋಡಲಾಗಲಿಲ್ಲ.

ಶ್ವಾಸಕೋಶದ ಎಷ್ಟೋ ಭಾಗ ಕೆಟ್ಟಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬೇಕು ಅಂದರು ವೈದ್ಯರು. ಹೊಗೆಯ ಹತ್ತಿರ ಸುಳಿಯಬಾರದು ಅಂದರು. ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಕೊಟ್ಟರು. ಅದನ್ನು ಹೇಗೆ ಎಳೆಯಬೇಕೆಂದು ನರ್ಸಮ್ಮ ಕಲಿಸಿದಳು.

ವಾಪಸು ಬರುವಾಗ ಬಸ್ಸು ತುಂಬಿತ್ತು. ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು. ಅಕ್ಕ ಅಳಲಿಲ್ಲ. ಬೀರೂರು ಬರುವ ಹೊತ್ತಿಗೆ ಕೇಳಿದಳು.

"ಆ ಮಕ್ಳು ಕೆಮ್ತವಲ್ಲ, ಅವಕ್ಕೂ ಹಿಂಗೇ ಆಗ್ತದೇನೇ?"

"ನನಗೆ ಗೊತ್ತಿಲ್ಲ ಅಕ್ಕಾ. ಆಗಬಹುದು."

"ನಿನ್ ಪುಸ್ತಕದಾಗೆ ಏನ್ ಬರೆದೈತೆ?"

ನಾನು ಅಷ್ಟು ದಿನದಿಂದ ಓದಿದ್ದನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದೆ. ಗುಂಡಿಯಿಂದ ಎದ್ದ ಹೊಗೆ ಆಕಾಶಕ್ಕೆ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿದ್ದವರು ಇದ್ದರು. ಗುಂಡಿಯ ಬಾಯಲ್ಲಿ ನಿಂತವಳ ಎದೆಗೆ ಎಷ್ಟು ಹೋಗುತ್ತದೆ ಎಂದು ಕೇಳಿದವರೂ ಎಲ್ಲೋ ಇದ್ದಿರಬೇಕು. ಅದು ಬೇರೆ ಶಾಸ್ತ್ರ, ವೈದ್ಯರ ಶಾಸ್ತ್ರ. ನನ್ನ ಗುಂಪುಗಳೊಳಗೆ ಅದು ಬಂದಿರಲಿಲ್ಲ.

"ನಾನು ಓದಿದ್ದರಲ್ಲಿ ಅದು ಇಲ್ಲ," ಅಂದೆ.

ಅವಳು ತಲೆಯಾಡಿಸಿದಳು.

ಮರುದಿನ ಗುಂಡಿಗೆ ಬೆಂಕಿ ಹಾಕುವ ದಿನ. ಕೆಲಸದ ಹೆಂಗಸರು ಬಂದು ಉರಿ ಹಚ್ಚಿದರು. ಅಕ್ಕ ಅಲ್ಲಿ ನಿಲ್ಲದೆ ತಲೆ ಬಾಚಿ, ಬೇರೆ ಸೀರೆ ಉಟ್ಟು, ನನ್ನನ್ನು ಕರೆದುಕೊಂಡು ಅಂಗನವಾಡಿಗೆ ಹೊರಟಳು. ಟೀಚರು ನಮ್ಮನ್ನು ಕಂಡು ಗಾಬರಿಯಾದಳು. ಜಗಳಕ್ಕೆ ಬಂದರು ಅಂದುಕೊಂಡಿರಬೇಕು.

"ಸುಮ್ನೆ ಕೂತ್ಕೋತೀನಿ ಕಣಮ್ಮ. ನಿನ್ ಕೆಲಸ ನೀನ್ ಮಾಡ್ಕೋ," ಅಂದಳು ಅಕ್ಕ.

ಮಕ್ಕಳು ಚಾಪೆಯ ಮೇಲೆ ಕೂತು ಹಾಡು ಹೇಳುತ್ತಿದ್ದವು. ಸ್ವಲ್ಪ ಹೊತ್ತಿಗೆ ಕಿಟಕಿಯಲ್ಲಿ ಬೆಳಕು ಮಂಕಾಯಿತು. ಮೊದಲು ವಾಸನೆ ಬಂತು, ಹಿಂದೆಯೇ ಹೊಗೆ. ಟೀಚರು ಯಾರೂ ಹೇಳದೆಯೇ ಎದ್ದು ಕಿಟಕಿ ಮುಚ್ಚಿ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಗೋಣಿ ತುರುಕಿದಳು. ಅದು ಅವಳಿಗೆ ರೂಢಿಯಾದ ಕೆಲಸ ಎನ್ನುವುದು ಅವಳ ಕೈ ಓಡಾಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಸೆಕೆ ಹೆಚ್ಚಿತು. ಒಂದು ಮಗು ಕೆಮ್ಮಿತು. ಅದರ ಹಿಂದೆ ಇನ್ನೊಂದು. ಅಕ್ಕನೂ ಕೆಮ್ಮತೊಡಗಿದಳು. ಒಂದು ಪುಟ್ಟ ಹೆಣ್ಣುಮಗು ಎದ್ದು ಬಂದು ತನ್ನ ನೀರಿನ ಲೋಟವನ್ನು ಅಕ್ಕನ ಮುಂದೆ ಹಿಡಿಯಿತು. ಅಕ್ಕ ಆ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದಳು.

ಮನೆಗೆ ಬಂದು ಭಾವನಿಗೆ ಎಲ್ಲ ಹೇಳಿದಳು. ಗೃಹಪ್ರವೇಶದ ಸುಳ್ಳು, ತರೀಕೆರೆಯ ವೈದ್ಯರು, ಕೊಳವೆ ಊದಿದ್ದು, ಅಂಗನವಾಡಿ. ನಡುನಡುವೆ ನಿಂತು ಉಸಿರು ತೆಗೆದುಕೊಂಡಳು. ಭಾವ ನಿಂತೇ ಕೇಳುತ್ತಿದ್ದವರು ಕೊನೆಗೆ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಲ್ಲಿಸ್ತೀರಿ ಅಂತ ಗೊತ್ತಿತ್ತು. ನಿಲ್ಲಿಸ್ಬಾರ್ದು ಅಂತಿತ್ತು ನಂಗೆ, ಆ ಹೆಂಗಸ್ರ ಕೂಲಿ ಹೋಗ್ತದಲ್ಲ. ಈಗ ನಾನೇ ಹೇಳ್ತೀನಿ. ಇನ್ನು ಬೆಂಕಿ ಹಾಕ್ಬೇಡಿ."

ಭಾವ ಮಾರನೆಯ ದಿನ ಗುಂಡಿಗೆ ಮಣ್ಣು ಎಳೆಸಿದರು. ಕೆಲಸದ ಹೆಂಗಸರು ಬಂದು ತೋಟದ ಬಾಗಿಲಲ್ಲಿ ನಿಂತರು. ಅವರಲ್ಲೊಬ್ಬಳ ಮೊಮ್ಮಗು ಅದೇ ಅಂಗನವಾಡಿಗೆ ಹೋಗುತ್ತಿತ್ತು. "ಹೊಗೆ ಬೇಡ ಅಂತ ನಾವೂ ಅಂತೀವಿ ಕಣವ್ವ. ಕೆಲಸ ಬೇಡ ಅಂತ ಅನ್ನಕ್ಕಾಯ್ತದಾ?" ಅಂದಳು ಅವಳು. ಕೊಬ್ಬರಿ ಸುಲಿಯುವಾಗ ಕರೆಯುತ್ತೇವೆ ಎಂದು ಭಾವ ಹೇಳಿದರು. ಅವರು ಆ ಮಾತು ಉಳಿಸಿಕೊಂಡರು, ಆದರೆ ಆ ಕೆಲಸ ವರ್ಷವಿಡೀ ಇರುವಂಥದ್ದಲ್ಲ. ಒಬ್ಬಳು ದೂರದ ಲಕ್ಕವಳ್ಳಿ ಕಡೆ ಗದ್ದೆ ಕೆಲಸಕ್ಕೆ ಹೋಗಿ, ಕೆಲಸ ಇರುವವರೆಗೆ ಅಲ್ಲೇ ಉಳಿದು ಬರತೊಡಗಿದಳು. ಇನ್ನೊಬ್ಬಳು ಆಮೇಲೆ ಬಹಳ ದಿನ ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ.

ನಾನು ಕಡೂರಿಗೆ ವಾಪಸಾಗಿ ಮಾರ್ಗದರ್ಶಕರನ್ನು ಕಂಡೆ. ನನ್ನ ಪ್ರಬಂಧದಲ್ಲಿ ಒಂದು ಅಧ್ಯಾಯ ಸೇರಿಸಬೇಕು ಅಂದೆ. ಹೊಗೆ ಎಲ್ಲಿಂದ ಏಳುತ್ತದೋ ಅಲ್ಲಿ ನಿಂತವರ ಬಗ್ಗೆ ಈ ಸಂಶೋಧನೆಗಳು ಎಷ್ಟು ಮಾತಾಡಿವೆ, ಎಲ್ಲಿ ಸುಮ್ಮನಾಗಿವೆ ಎಂದು ನೋಡಬೇಕು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಅಮ್ಮಾ, ಸಂಶೋಧನೆ ಯಾವ ಕಡೆ ಹೊರಳಿತು ಅಂತ ಹೇಳೋದು ಅಂದ್ರೆ ಇರೋದನ್ನ ತೋರಿಸೋದು. ಇಲ್ಲದೇ ಇರೋದನ್ನ ಹೆಂಗೆ ಎಣಿಸ್ತೀರಿ?"

ಅವರು ಒರಟರಲ್ಲ. ನನ್ನ ಪದವಿ ಬೇಗ ಮುಗಿಯಲಿ ಎಂಬ ಕಾಳಜಿಯೇ ಅವರದು. ನಾನು ಅಕ್ಕನ ವಿಷಯ ಹೇಳಿದೆ. ಅವರು ಕನ್ನಡಕ ಮತ್ತೆ ಹಾಕಿಕೊಂಡು, ವೈದ್ಯಕೀಯದ ಕಡೆಯ ಪ್ರಬಂಧಗಳನ್ನೂ ಹುಡುಕಿ, ಎರಡು ಕಡೆಯವರು ಒಬ್ಬರನ್ನೊಬ್ಬರು ಓದುತ್ತಾರೋ ಇಲ್ಲವೋ ನೋಡಿ ಅಂದರು. ಹುಡುಕಿದೆ. ಹೊಗೆಗೂ ಎದೆಗೂ ಇರುವ ನಂಟಿನ ಬಗ್ಗೆ ಒಲೆಯ ಹೊಗೆಯಿಂದ ಹಿಡಿದು ಬಹಳಷ್ಟು ಕೆಲಸ ನಡೆದಿತ್ತು. ಆದರೆ ನನ್ನ ಕೈಗೆ ಸಿಕ್ಕಷ್ಟರಲ್ಲಿ ಚಿಪ್ಪಿನ ಇದ್ದಿಲನ್ನು ಹೊಗಳಿದವರು ಅದನ್ನು ಓದಿದ ಗುರುತು ಕಡಿಮೆ. ಆ ಅಧ್ಯಾಯ ಚಿಕ್ಕದಾಗಿಯೇ ಉಳಿಯಿತು. ಬರೆಯಲು ಮಾತ್ರ ಉಳಿದೆಲ್ಲವಕ್ಕಿಂತ ಹೆಚ್ಚು ದಿನ ಹಿಡಿಯಿತು.

ಮಳೆಗಾಲ ಕಳೆದ ಮೇಲೆ ಚಿಕ್ಕಪ್ಪನ ಮನೆಯ ಮದುವೆಗೆಂದು ಅಜ್ಜಂಪುರಕ್ಕೆ ರೈಲಿನಲ್ಲಿ ಹೊರಟಿದ್ದೆ. ಬೀರೂರು ಬಿಟ್ಟು ಸ್ವಲ್ಪ ದೂರ ಹೋದ ಮೇಲೆ ಹೊಲಗಳ ಆಚೆ ಬಿಳಿ ಹೊಗೆ ನೆಲದ ಮೇಲೇ ಹಾಸಿದಂತೆ ಕಂಡಿತು. ಕಿಟಕಿಯಿಂದ ವಾಸನೆ ಬಂದಾಗ ಅದು ಚಿಪ್ಪಿನ ಹೊಗೆಯೇ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ. ಭಾವ ಈಗ ಚಿಪ್ಪನ್ನು ಸುಡದೆ ಹಾಗೇ ಒಬ್ಬ ಲಾರಿಯವನಿಗೆ ಕೊಡುತ್ತಿದ್ದರು. ಲಾರಿ ಎಲ್ಲಿಗೆ ಹೋಗುತ್ತದೆ ಎಂದು ನಾವು ಯಾರೂ ಕೇಳಿರಲಿಲ್ಲ. ಮದುವೆಯಲ್ಲಿ ಭಾವ ಸಿಕ್ಕಾಗ ಕಂಡದ್ದನ್ನು ಹೇಳಿದೆ. ಅವರು ಊಟದ ಎಲೆಯ ಮುಂದೆಯೇ ಲಾರಿಯವನಿಗೆ ಫೋನು ಮಾಡಿ ಕೇಳಿದರು. ಹೌದು, ಅಲ್ಲಿಗೇ ಹೋಗುತ್ತದೆ ಅಂದ ಅವನು.

ಭಾವ ಮಾರನೆಯ ದಿನ ಊರಿಗೆ ಮರಳುವ ಮುಂಚೆ ಬೈಕು ಎರವಲು ಪಡೆದು ಒಬ್ಬರೇ ಆ ಜಾಗಕ್ಕೆ ಹೋಗಿಬಂದರು.

"ಹತ್ರದಾಗೆ ಒಂದು ಮನೆ ಐತೆ. ಒಬ್ಳು ಬಾಣಂತಿ ಕೂತಿದ್ಲು ಅಂಗಳದಾಗೆ," ಅಂದರು.

ಆಮೇಲೆ ಅವರು ಲಾರಿಯವನಿಗೆ ಚಿಪ್ಪು ಕೊಡುವುದನ್ನು ನಿಲ್ಲಿಸಿದರು. ಮನೆಯ ಹಿಂದೆ ರಾಶಿ ಏರತೊಡಗಿತು. ಒಂದು ದಿನ ನನಗೆ ಫೋನು ಮಾಡಿ, "ನೀನು ಓದ್ದೋಳು. ಇದನ್ನ ಏನ್ ಮಾಡ್ಲಿ ಹೇಳು," ಅಂದರು. ನಾನು ಓದಿದ್ದರಲ್ಲಿ ಹೊಗೆಯನ್ನು ಹೊರಗೆ ಬಿಡದೆ ಒಳಗೇ ಸುಡುವ ಮುಚ್ಚಿದ ಭಟ್ಟಿಯ ವಿವರವಿತ್ತು. ಅಂಥದೊಂದು ನೆರೆಯ ಜಿಲ್ಲೆಯಲ್ಲಿದೆ ಎಂದು ಕೇಳಿ, ಮೂವರೂ ಹೋಗಿ ನೋಡಿಬಂದೆವು. ಹೊಗೆ ಇಲ್ಲವೇ ಇಲ್ಲ ಅನ್ನುವಂತಿರಲಿಲ್ಲ, ಆದರೆ ಪಕ್ಕದಲ್ಲಿ ನಿಂತು ಮಾತಾಡಬಹುದಿತ್ತು. ಅಕ್ಕ ದೂರದಲ್ಲೇ ಕಾರಿನಲ್ಲಿ ಕೂತು ನೋಡಿದಳು. ಒಬ್ಬ ರೈತನ ಕೈಗೆಟುಕುವ ಯಂತ್ರವಲ್ಲ ಅದು. ಸುತ್ತಲಿನ ತೆಂಗಿನವರೆಲ್ಲ ಸೇರಿ, ಮನೆಗಳಿಂದ ದೂರದ ಜಾಗದಲ್ಲಿ ಹಾಕಿದರೆ ಆಗಬಹುದು ಅನ್ನಿಸಿತು.

ಈಗ ತೆಂಗಿನವರನ್ನು ಒಟ್ಟುಗೂಡಿಸುವ ಆ ಕೆಲಸಕ್ಕೆ ಓಡಾಡುತ್ತಿರುವುದು ಅಕ್ಕ. ಭಾವ ಮಾತಿಗೆ ಮುಂಚೆ ಸಿಟ್ಟಾಗುತ್ತಾರೆ, ಅದಕ್ಕೆ ಅವಳೇ ಹೋಗುತ್ತಾಳೆ. ಔಷಧಿಯ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾಳೆ. ಅಂಗನವಾಡಿಯ ಟೀಚರು ಮಧ್ಯಾಹ್ನದ ಮೇಲೆ ಬಿಡುವಾದಾಗ ಜೊತೆಗೆ ಹೋಗುತ್ತಾಳೆ. ಕೆಲವರು ಸೇರುತ್ತೇವೆ ಅಂದಿದ್ದಾರೆ. ಕೆಲವರು ನೋಡೋಣ ಅಂದಿದ್ದಾರೆ. ತಮ್ಮ ಗುಂಡಿ ತಮಗೆ ಸಾಕು ಅಂದವರೂ ಇದ್ದಾರೆ. ಆಗುತ್ತದೋ ಇಲ್ಲವೋ ನಾನು ಹೇಳಲಾರೆ.

ಹೋದ ತಿಂಗಳು ನಾನೂ ಅವಳ ಜೊತೆ ಒಂದು ಮನೆಗೆ ಹೋಗಿದ್ದೆ. ಯಜಮಾನರು ಜಗಲಿಯಲ್ಲಿ ಕೂತಿದ್ದರು. ಅವರ ತೋಟದ ಗುಂಡಿ ಆಗಲೂ ಉರಿಯುತ್ತಿತ್ತು. ಅಕ್ಕ ಮಾತು ಶುರುಮಾಡಿ, ಎರಡು ವಾಕ್ಯ ಆಡಿ, ನಿಂತಳು. ಉಸಿರು ಕೂಡಿಬರಲಿಲ್ಲ. ನಾನು ಅವಳ ಬದಲು ಹೇಳಲು ಬಾಯಿ ತೆರೆದೆ. ಅವಳು ನನ್ನ ಮಣಿಕಟ್ಟು ಹಿಡಿದು ತಡೆದಳು. ಯಜಮಾನರು ಕಾದರು. ಒಳಗಿಂದ ಅವರ ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಆಕೆಯೂ ಕೆಮ್ಮುತ್ತಿದ್ದರು.

ಅಕ್ಕ ಉಸಿರು ತಂದುಕೊಂಡು, ಗಂಡನನ್ನು ಬಿಟ್ಟು ಆ ಹೆಂಗಸಿನ ಕಡೆ ತಿರುಗಿ, "ನಿಂಗೆ ಯಾವತ್ತಿಂದ ಕಣವ್ವ?" ಎಂದು ಕೇಳಿದಳು.